ಶಕ್ತಿ ಕೊಡದ ಸಕ್ಕರೆ: ಫ್ಯೂಕೋಸ್‌ನ ಕಾರುಬಾರು

1952ರಲ್ಲಿ ಬಾಂಬೆಯ ವೈದ್ಯ ವೈ. ಎಂ. ಭೇಂಡೆ ಮತ್ತು ಅವರ ಸಂಗಡಿಗರ ಒಂದು ಪುಟ್ಟ ವರದಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಮೂರು ಜನರ ರಕ್ತ ಯಾವ ಲೆಕ್ಕಕ್ಕೂ ಸಿಗುತ್ತಿರಲಿಲ್ಲ. ಪರೀಕ್ಷೆ ಮಾಡಿದರೆ ಎ ಅಲ್ಲ, ಬಿ ಕೂಡ ಅಲ್ಲ. ಎರಡೂ ಅಲ್ಲ ಅಂದಮೇಲೆ ಒ ಇರಬೇಕು, ಅಲ್ವಾ? ಆದರೆ ಒ ಗುಂಪಿನ ದಾನಿಯ ರಕ್ತಕಣಗಳನ್ನು ಇವರ ಸೀರಮ್‌ಗೆ (ರಕ್ತದಿಂದ ಕಣಗಳನ್ನು ತೆಗೆದಾಗ ಉಳಿಯುವ ತಿಳಿ ದ್ರವಕ್ಕೆ) ಹಾಕಿದರೆ ಅವೂ ಒಂದಕ್ಕೊಂದು ಅಂಟಿಕೊಂಡು ಗುಂಪುಗೂಡುತ್ತಿದ್ದವು. ಎಲ್ಲರಿಗೂ ಕೊಡಬಹುದು ಎನ್ನುವ ಒ ರಕ್ತವೇ ಇವರಿಗೆ ಅಪಾಯ.

ಇವರ ಕೆಂಪು ಕಣಗಳ ಮೇಲೆ ಇಲ್ಲದೇ ಹೋಗಿದ್ದು ಒಂದು ಸಣ್ಣ ಸಕ್ಕರೆ. ಹೆಸರು ಫ್ಯೂಕೋಸ್.

ಸಕ್ಕರೆ ಅಂದ ಕೂಡಲೇ ನಮಗೆ ಗ್ಲೂಕೋಸ್ ನೆನಪಾಗುತ್ತದೆ. ತಿಂದರೆ ಶಕ್ತಿ, ಜಾಸ್ತಿಯಾದರೆ ಡಯಾಬಿಟಿಸ್. ಫ್ಯೂಕೋಸ್ ಆ ಜಾತಿಯದ್ದಲ್ಲ. ನಮ್ಮ ದೇಹ ಇದನ್ನು ಉರಿಸಿ ಶಕ್ತಿ ಪಡೆಯುವುದಿಲ್ಲ ಎಂದೇ ಹೇಳಬಹುದು. ಬದಲಿಗೆ ಜೀವಕೋಶದ ಮೈಮೇಲೆ, ಪ್ರೋಟೀನುಗಳ ಮೇಲೆ ಗುರುತಿನ ಹಾಗೆ ಅಂಟಿಸುತ್ತದೆ. ಆ ಗುರುತು ಇದೆಯೋ ಇಲ್ಲವೋ, ಇದ್ದರೆ ಎಲ್ಲಿದೆ ಎನ್ನುವುದರ ಮೇಲೆ ರಕ್ತದ ಗುಂಪು, ವಾಂತಿ-ಭೇದಿಯ ವೈರಸ್, ಎದೆಹಾಲು, ಡೆಂಗಿ, ಕ್ಯಾನ್ಸರ್ ಪರೀಕ್ಷೆ ಎಲ್ಲವೂ ನಿಂತಿವೆ. ಇಷ್ಟು ಕೆಲಸ ಮಾಡುವ ಸಕ್ಕರೆಯ ಹೆಸರು ಕೇಳಿದವರು ಮಾತ್ರ ಕಡಿಮೆ.

ಒಂದು ಆಮ್ಲಜನಕ ಕಡಿಮೆ, ದಿಕ್ಕೂ ಉಲ್ಟಾ

ಗ್ಲೂಕೋಸ್‌ನಲ್ಲಿ 6 ಇಂಗಾಲ, 12 ಜಲಜನಕ, 6 ಆಮ್ಲಜನಕ ಇರುತ್ತವೆ. ಫ್ಯೂಕೋಸ್‌ನಲ್ಲಿ ಆಮ್ಲಜನಕ ಐದೇ. ಆರನೆಯ ಇಂಗಾಲದ ಹತ್ತಿರ ಇರಬೇಕಾದ ಆಮ್ಲಜನಕ ಇಲ್ಲ. ಉಳಿದ ಸಕ್ಕರೆಗಳು ನೀರಿಗೆ ಅಂಟುವ ಜಾಗದಲ್ಲಿ ಇದಕ್ಕೆ ಕೊಂಚ ಎಣ್ಣೆ ಸ್ವಭಾವದ ಒಂದು ಮೂಲೆ ಸಿಗುತ್ತದೆ. ಇದನ್ನು ಹಿಡಿಯುವ ಪ್ರೋಟೀನುಗಳಿಗೆ ಗುರುತು ಹಚ್ಚಲು ಈ ಮೂಲೆಯೂ ನೆರವಾಗುತ್ತದೆ.

ಇನ್ನೊಂದು ವಿಚಿತ್ರ ಇದೆ. ನಮ್ಮ ದೇಹದಲ್ಲಿ ಓಡಾಡುವ ಸಕ್ಕರೆಗಳು ಹೆಚ್ಚುಕಡಿಮೆ ಎಲ್ಲವೂ ‘ಡಿ’ ರೂಪದವು. ಫ್ಯೂಕೋಸ್ ‘ಎಲ್’ ರೂಪದ್ದು, ಅಂದರೆ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿದ್ದು. ಎಡಗಾಲಿನ ಚಪ್ಪಲಿ ಬಲಗಾಲಿಗೆ ಹೊಂದದ ಹಾಗೆ, ಡಿ ಸಕ್ಕರೆಗೆಂದು ಇರುವ ಕಿಣ್ವಕ್ಕೆ ಎಲ್ ಸಕ್ಕರೆ ಹೊಂದುವುದಿಲ್ಲ. ಹಾಗಾಗಿ ಫ್ಯೂಕೋಸ್‌ಗೆ ಕಟ್ಟುವ ಕಿಣ್ವವೂ ಬೇರೆ, ಬಿಚ್ಚುವ ಕಿಣ್ವವೂ ಬೇರೆ.

ಡಿ ರೂಪದ ಸಕ್ಕರೆಗಳೇ ತುಂಬಿರುವ ಜೀವಕೋಶ ಇದನ್ನು ಎಲ್ಲಿಂದ ತರುತ್ತದೆ? ತಾನೇ ಮಾಡಿಕೊಳ್ಳುತ್ತದೆ. ಮ್ಯಾನೋಸ್ ಎಂಬ ಡಿ ಸಕ್ಕರೆಯನ್ನು ಜಿಡಿಪಿ ಎಂಬ ಹಿಡಿಕೆಗೆ ಸಿಕ್ಕಿಸಲಾಗಿರುತ್ತದೆ. (ಇದು ದೇಶದ ಜಿಡಿಪಿ ಅಲ್ಲ, ಗ್ವಾನೋಸಿನ್ ಡೈಫಾಸ್ಫೇಟ್!) ಮೊದಲ ಕಿಣ್ವ ಅದರಿಂದ ಒಂದು ನೀರಿನ ಅಣುವನ್ನು ತೆಗೆಯುತ್ತದೆ. ಆರನೆಯ ಇಂಗಾಲದ ಆಮ್ಲಜನಕ ಹೋಗುವುದು ಇಲ್ಲೇ. ಎರಡನೆಯ ಕಿಣ್ವ ಮೂರನೆಯ ಮತ್ತು ಐದನೆಯ ಇಂಗಾಲದ ಜೋಡಣೆಯನ್ನು ತಿರುಗಿಸಿ, ನಾಲ್ಕನೆಯದನ್ನು ಸರಿಮಾಡುತ್ತದೆ. ಐದನೆಯದು ತಿರುಗಿತು ಅಂದರೆ ಡಿ ಹೋಗಿ ಎಲ್ ಆಯಿತು. ಎರಡೇ ಕಿಣ್ವ, ಕೆಲಸ ಮುಗಿಯಿತು.

ಇನ್ನೊಂದು ಸಣ್ಣ ದಾರಿಯೂ ಇದೆ. ಹಳೆಯ ಪ್ರೋಟೀನುಗಳನ್ನು ಒಡೆದಾಗ ಸಿಗುವ ಫ್ಯೂಕೋಸನ್ನೂ, ಊಟದಿಂದ ಬಂದ ಚೂರುಪಾರನ್ನೂ ಜೀವಕೋಶ ಬಿಸಾಡುವುದಿಲ್ಲ. ಅದಕ್ಕೂ ಜಿಡಿಪಿ ಹಿಡಿಕೆ ಸಿಕ್ಕಿಸಿ ಮತ್ತೆ ಬಳಸುತ್ತದೆ. ಬಹುಪಾಲು ಬರುವುದು ಮೊದಲ ದಾರಿಯಿಂದಲೇ. ಆದರೂ ಈ ಎರಡನೆಯ ದಾರಿಯನ್ನು ನೆನಪಿಟ್ಟುಕೊಳ್ಳಿ. ಒಂದು ಮಗು ಚೇತರಿಸಿಕೊಂಡಿದ್ದು ಇದರಿಂದಲೇ, ಆ ಕಥೆ ಮುಂದೆ ಬರುತ್ತದೆ.

ಹೀಗೆ ತಯಾರಾದ ಜಿಡಿಪಿ-ಫ್ಯೂಕೋಸ್ ಗಾಲ್ಗಿ ಎಂಬ ಕೋಣೆಯೊಳಗೆ ಹೋಗಬೇಕು. ಪ್ರೋಟೀನುಗಳಿಗೆ ಸಕ್ಕರೆ ಸರಪಳಿ ಪೋಣಿಸುವ ಕೆಲಸ ಹೆಚ್ಚಾಗಿ ನಡೆಯುವುದು ಅಲ್ಲೇ. ಒಳಗೆ ಬಿಡಲು ಒಂದು ಸಾಗಣೆ ಪ್ರೋಟೀನ್ ಬಾಗಿಲಲ್ಲಿದೆ. ಇನ್ನು ಫ್ಯೂಕೋಸನ್ನು ಎಲ್ಲಿ ಕೂರಿಸಬೇಕು ಎಂದು ನಿರ್ಧರಿಸುವ ಕಿಣ್ವಗಳು ಮನುಷ್ಯರಲ್ಲಿ 13 ಇವೆ. ಒಂದೊಂದಕ್ಕೂ ತನ್ನದೇ ಜಾಗ. ಎಫ್‌ಯುಟಿ-1 ಕೆಂಪು ರಕ್ತಕಣದ ಮೇಲೆ ಕೂರಿಸಿದರೆ, ಎಫ್‌ಯುಟಿ-2 ಜೊಲ್ಲು, ಕರುಳು, ಎದೆಹಾಲಿನಲ್ಲಿ ಕೂರಿಸುತ್ತದೆ. ಎಫ್‌ಯುಟಿ-8 ಸರಪಳಿಯ ಬುಡದಲ್ಲಿ ಕೂರಿಸುತ್ತದೆ. ಹೆಸರುಗಳು ರೈಲಿನ ಬೋಗಿ ನಂಬರಿನ ಥರ ಬೇಜಾರು ಹಿಡಿಸುತ್ತವೆ, ನಿಜ. ಈ ಮೂರು ಗೊತ್ತಿದ್ದರೆ ಮುಂದಿನದೆಲ್ಲ ಸಲೀಸು.

ಬಾಂಬೆ ಗುಂಪು

ನಮ್ಮ ಕೆಂಪು ಕಣದ ಮೇಲ್ಮೈಯಲ್ಲಿ ಸಕ್ಕರೆ ಸರಪಳಿಗಳು ಚಾಚಿಕೊಂಡಿರುತ್ತವೆ. ಸರಪಳಿಯ ತುದಿಯಲ್ಲಿ ಗ್ಯಾಲಕ್ಟೋಸ್ ಎಂಬ ಸಕ್ಕರೆ. ಎಫ್‌ಯುಟಿ-1 ಕಿಣ್ವ ಬಂದು ಆ ಗ್ಯಾಲಕ್ಟೋಸ್‌ಗೆ ಒಂದು ಫ್ಯೂಕೋಸ್ ಅಂಟಿಸುತ್ತದೆ. ಹೀಗಾದಾಗ ಅದಕ್ಕೆ ಎಚ್ ಆಂಟಿಜೆನ್ ಎಂದು ಹೆಸರು. ಒಂದೊಂದು ಒ ಗುಂಪಿನ ಕಣದ ಮೇಲೆ ಇಂಥ ಎಚ್ ಹತ್ತು ಲಕ್ಷಕ್ಕೂ ಹೆಚ್ಚು ಇರುತ್ತವೆ.

ಎ ಗುಂಪಿನವರಲ್ಲಿ ಈ ಎಚ್ ಮೇಲೆ ಇನ್ನೊಂದು ಸಕ್ಕರೆ ಕೂರುತ್ತದೆ. ಬಿ ಗುಂಪಿನವರಲ್ಲಿ ಬೇರೊಂದು. ಎಬಿ ಅಂದರೆ ಎರಡೂ. ಒ ಗುಂಪಿನವರಲ್ಲಿ ಏನೂ ಕೂರುವುದಿಲ್ಲ, ಎಚ್ ಬರಿದಾಗಿ ಉಳಿಯುತ್ತದೆ. ಗಮನಿಸಬೇಕಾದ್ದು ಇಷ್ಟು: ಎ ಮತ್ತು ಬಿ ಕಿಣ್ವಗಳು ಫ್ಯೂಕೋಸ್ ಇಲ್ಲದ ಸರಪಳಿಯನ್ನು ಮುಟ್ಟುವುದೇ ಇಲ್ಲ. ಫ್ಯೂಕೋಸ್ ಇಲ್ಲದಿದ್ದರೆ ಎ ಕೂಡ ಇಲ್ಲ, ಬಿ ಕೂಡ ಇಲ್ಲ.

ಭೇಂಡೆಯವರು ಕಂಡ ಆ ಮೂವರ ಥರದ ರಕ್ತಕ್ಕೇ ಬಾಂಬೆ ಗುಂಪು ಎಂದು ಹೆಸರು. ಈ ಗುಂಪಿನವರಲ್ಲಿ ಎಫ್‌ಯುಟಿ-1 ಕೆಟ್ಟಿರುತ್ತದೆ. ಭಾರತದ ಬಾಂಬೆ ಗುಂಪಿನವರಲ್ಲಿ ಸಾಮಾನ್ಯವಾಗಿ ಕಾಣುವ ದೋಷ ಆ ಜೀನ್‌ನ 725ನೆಯ ಅಕ್ಷರದಲ್ಲಿ ಆಗಿರುವ ಒಂದೇ ಒಂದು ಬದಲಾವಣೆ. ಅದರ ಪಕ್ಕದಲ್ಲೇ ಇರಬೇಕಾದ ಎಫ್‌ಯುಟಿ-2 ಜೀನ್ ಪೂರ್ತಿ ಅಳಿಸಿಹೋಗಿರುತ್ತದೆ. ಹಾಗಾಗಿ ಕೆಂಪು ಕಣದಲ್ಲೂ ಎಚ್ ಇಲ್ಲ, ಜೊಲ್ಲಿನಲ್ಲೂ ಇಲ್ಲ. ದೇಹಕ್ಕೆ ಎಚ್ ಎಂಬುದು ಕಂಡೇ ಗೊತ್ತಿಲ್ಲ. ಅದರ ವಿರುದ್ಧ ಆಂಟಿಬಾಡಿ ತಯಾರಿಟ್ಟುಕೊಂಡಿರುತ್ತದೆ. ಒ ರಕ್ತ ಏರಿಸಿದರೆ ಆ ಆಂಟಿಬಾಡಿ ಬಂದ ಕಣಗಳನ್ನೆಲ್ಲ ಒಡೆದುಹಾಕುತ್ತದೆ. ಜೀವಕ್ಕೇ ಸಂಚಕಾರ.

ಎಚ್‌ನಲ್ಲಿ ಮುಖ್ಯವಾದ ಸಕ್ಕರೆ ಫ್ಯೂಕೋಸೇ ಎಂದು ತಿಳಿದಿದ್ದು ಹಾವುಮೀನಿನಿಂದ! ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ವಾಲ್ಟರ್ ಮಾರ್ಗನ್ ಮತ್ತು ವಿನಿಫ್ರೆಡ್ ವಾಟ್ಕಿನ್ಸ್ ಹಾವುಮೀನಿನ ಸೀರಮ್ ಬಳಸುತ್ತಿದ್ದರು. ಅದನ್ನು ಹಾಕಿದರೆ ಒ ಗುಂಪಿನ ಕಣಗಳು ಅಂಟಿಕೊಳ್ಳುತ್ತವೆ. ಒಂದೊಂದೇ ಸಕ್ಕರೆಯನ್ನು ಮೊದಲೇ ಬೆರೆಸಿ ನೋಡಿದಾಗ, ಎಲ್-ಫ್ಯೂಕೋಸ್ ಹಾಕಿದ ಕೊಳವೆಯಲ್ಲಿ ಅಂಟುವಿಕೆ ನಿಂತಿತು. ಸೀರಮ್ ಹಿಡಿಯುವುದು ಫ್ಯೂಕೋಸನ್ನೇ ಎಂದಾಯಿತು. ಇದು ನಡೆದದ್ದೂ 1952ರಲ್ಲೇ. ಭೇಂಡೆಯವರ ವರದಿಯಲ್ಲಿ ಈ ಇಬ್ಬರ ಹೆಸರೂ ಇದೆ.

ರಕ್ತನಿಧಿಯಲ್ಲಿ ಈ ಗುಂಪು ತಪ್ಪಿಸಿಕೊಳ್ಳುವುದು ಹೀಗೆ. ಸ್ಲೈಡಿನ ಮೇಲೆ ರಕ್ತದ ಹನಿ, ಅದಕ್ಕೆ ಒಂದು ಕಡೆ ನೀಲಿ ಬಣ್ಣದ ಆಂಟಿ-ಎ, ಇನ್ನೊಂದು ಕಡೆ ಹಳದಿ ಬಣ್ಣದ ಆಂಟಿ-ಬಿ. ಎರಡರಲ್ಲೂ ಕಣಗಳು ಅಂಟಿಕೊಳ್ಳದೆ ಹನಿ ನಯವಾಗಿ ಉಳಿಯುತ್ತದೆ. ಅಲ್ಲಿಗೇ ನಿಲ್ಲಿಸಿದರೆ ಕಾರ್ಡಿನಲ್ಲಿ ಒ ಎಂದು ಬರುತ್ತದೆ. ಕಾಲೇಜು ಕ್ಯಾಂಪುಗಳಲ್ಲಿ ಬರೀ ಸ್ಲೈಡ್ ನೋಡಿ ಕೊಡುವ ಕಾರ್ಡುಗಳಲ್ಲಿ ಹೀಗಾಗುವ ಸಾಧ್ಯತೆ ಇದ್ದೇ ಇದೆ. ನಿಜ ಗೊತ್ತಾಗುವುದು ರಿವರ್ಸ್ ಗ್ರೂಪಿಂಗ್‌ನಲ್ಲಿ. ಅಂದರೆ ಈ ವ್ಯಕ್ತಿಯ ಸೀರಮ್ ತೆಗೆದು ಅದಕ್ಕೆ ಎ, ಬಿ, ಒ ಕಣಗಳನ್ನು ಹಾಕಿ ನೋಡಬೇಕು. ಒ ಕಣವೂ ಅಂಟಿಕೊಂಡರೆ ಅನುಮಾನ ಬರುತ್ತದೆ. ಆಮೇಲೆ ಆಂಟಿ-ಎಚ್ ಹಾಕಿ ಖಚಿತ ಮಾಡುತ್ತಾರೆ. ಈಗ ಅದಕ್ಕೆ ಹಾವುಮೀನು ಬೇಡ. ಯೂರೋಪಿನ ಗಾರ್ಸ್ ಎಂಬ ಮುಳ್ಳುಪೊದೆಯ ಬೀಜದ ಪ್ರೋಟೀನ್ ಸಾಕು. ಅದೂ ಹಿಡಿಯುವುದು ಫ್ಯೂಕೋಸನ್ನೇ.

ಭಾರತದಲ್ಲಿ ಸುಮಾರು 10 ಸಾವಿರಕ್ಕೆ ಒಬ್ಬರು ಈ ಗುಂಪಿನವರು ಎಂಬ ಅಂದಾಜಿದೆ. ಯೂರೋಪಿನಲ್ಲಿ ಹತ್ತು ಲಕ್ಷಕ್ಕೆ ಒಬ್ಬರು. ಮಹಾರಾಷ್ಟ್ರದಲ್ಲಿ ಜಾಸ್ತಿ, ಕರ್ನಾಟಕದಲ್ಲೂ ಇದ್ದಾರೆ. ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಜೀನ್ ಬಂದರೆ ಮಾತ್ರ ಹೀಗಾಗುವುದು. ಸೋದರಮಾವನಿಗೋ ಅತ್ತೆ ಮಗನಿಗೋ ಕೊಟ್ಟು ಮದುವೆ ಮಾಡುವ ಕುಟುಂಬಗಳಲ್ಲಿ ಆ ಸಾಧ್ಯತೆ ಹೆಚ್ಚು.

ಇದರಿಂದ ಮನೆಗಳಲ್ಲಿ ರಾದ್ಧಾಂತವೂ ಆಗಬಹುದು. ಅಮ್ಮ ‘ಒ’, ಅಪ್ಪ ಎ, ಮಗು ಎಬಿ. ಶಾಲೆಯ ಜೀವಶಾಸ್ತ್ರದ ಪ್ರಕಾರ ಇದು ಆಗದ ಮಾತು. ಆದರೆ ಅಮ್ಮ ನಿಜವಾಗಿ ಬಾಂಬೆ ಗುಂಪಿನವಳಾಗಿದ್ದರೆ ಆಗುತ್ತದೆ. ಅವಳಲ್ಲಿ ಬಿ ಜೀನ್ ಸರಿಯಾಗೇ ಇರುತ್ತದೆ, ಕೂರಲು ಫ್ಯೂಕೋಸ್ ಇಲ್ಲದ್ದರಿಂದ ತೋರಿಸಿಕೊಳ್ಳುವುದಿಲ್ಲ, ಅಷ್ಟೇ. ಅಪ್ಪನಿಂದ ಒಳ್ಳೆಯ ಎಫ್‌ಯುಟಿ-1 ಪಡೆದ ಮಗುವಿನಲ್ಲಿ ಅದು ಕಾಣಿಸಿಕೊಳ್ಳುತ್ತದೆ. ಯಾರ ಮೇಲೂ ಅನುಮಾನಪಡುವ ಮೊದಲು ಒಳ್ಳೆಯ ರಕ್ತನಿಧಿಯಲ್ಲಿ ಇನ್ನೊಮ್ಮೆ ಪರೀಕ್ಷೆ ಮಾಡಿಸುವುದು ವಾಸಿ.

ಬಾಂಬೆ ಗುಂಪಿನವರಿಗೆ ಬಾಂಬೆ ಗುಂಪಿನ ರಕ್ತವೇ ಬೇಕು. ಕೆಂಪು ಕಣಗಳನ್ನು ಮಾಮೂಲಿ ಶೈತ್ಯದಲ್ಲಿ 35ರಿಂದ 42 ದಿನಕ್ಕಿಂತ ಹೆಚ್ಚು ಇಡಲಾಗುವುದಿಲ್ಲ. ಹಾಗಾಗಿ ಸಂಗ್ರಹಿಸಿಡುವುದಕ್ಕಿಂತ ದಾನಿಗಳ ಪಟ್ಟಿ ಇಟ್ಟುಕೊಂಡು, ಬೇಕಾದಾಗ ಫೋನ್ ಮಾಡಿ ಕರೆಸುವುದೇ ದಾರಿ. ಬೆಂಗಳೂರಿನ ಸಂಕಲ್ಪ್ ಇಂಡಿಯಾ ಫೌಂಡೇಶನ್ ಈ ಜೋಡಿಸುವ ಕೆಲಸ ಮಾಡುತ್ತಾ ಬಂದಿದೆ. ಮೊದಲೇ ಗೊತ್ತಿರುವ ಆಪರೇಷನ್ ಆದರೆ ತಮ್ಮ ರಕ್ತವನ್ನೇ ಮುಂಚಿತವಾಗಿ ಕೊಟ್ಟಿಡಬಹುದು.

ಇಷ್ಟೆಲ್ಲ ಆದರೂ ಬಾಂಬೆ ಗುಂಪಿನವರು ಆರೋಗ್ಯವಾಗಿಯೇ ಇರುತ್ತಾರೆ. ರಕ್ತ ಬೇಕಾಗುವ ತನಕ ಅವರಿಗೆ ಏನೂ ತೊಂದರೆ ಇಲ್ಲ. ಕೆಂಪು ಕಣದ ಮೇಲೆ ಫ್ಯೂಕೋಸ್ ಇಲ್ಲದಿದ್ದರೂ ಜೀವನ ನಡೆಯುತ್ತದೆ ಅಂತಾಯಿತು. ಹಾಗಾದರೆ ಇಡೀ ಮೈಯಲ್ಲೇ ಇಲ್ಲದಿದ್ದರೆ?

ಕೀವು ಕಟ್ಟದ ಗಾಯ

1992ರಲ್ಲಿ ಇಸ್ರೇಲಿನ ವೈದ್ಯರು ಅರಬ್ ಮೂಲದ ಇಬ್ಬರು ಹುಡುಗರ ಬಗ್ಗೆ ಬರೆದರು. ಮತ್ತೆ ಮತ್ತೆ ನ್ಯುಮೋನಿಯಾ, ಚರ್ಮದ ಸೋಂಕು, ಜ್ವರ. ಬೆಳವಣಿಗೆ ಕುಂಠಿತ, ಬುದ್ಧಿಯ ಬೆಳವಣಿಗೆಯೂ ಹಿಂದೆ. ರಕ್ತ ಪರೀಕ್ಷೆ ಮಾಡಿದರೆ ಸೋಂಕಿನ ಜೊತೆ ಹೋರಾಡುವ ಬಿಳಿ ಕಣಗಳು ಕಡಿಮೆಯಿರಲಿಲ್ಲ, ವಿಪರೀತ ಜಾಸ್ತಿ ಇದ್ದವು. ಆದರೂ ಗಾಯದಲ್ಲಿ ಕೀವು ಕಟ್ಟುತ್ತಿರಲಿಲ್ಲ. ಕೀವು ಅಂದರೆ ಬಹುಪಾಲು ಹೋರಾಡಿ ಸತ್ತ ಬಿಳಿ ಕಣಗಳೇ. ಕೀವು ಇಲ್ಲ ಅಂದರೆ ಆ ಕಣಗಳು ಜಾಗಕ್ಕೆ ಬಂದೇ ಇಲ್ಲ. ಇನ್ನೊಂದು ಸುಳಿವು: ಇಬ್ಬರದೂ ಬಾಂಬೆ ರಕ್ತದ ಗುಂಪು.

ಬಿಳಿ ಕಣಗಳು ರಕ್ತದ ಹರಿವಿನಲ್ಲಿ ರಭಸವಾಗಿ ಸಾಗುತ್ತಿರುತ್ತವೆ. ಸೋಂಕಾದ ಜಾಗದಲ್ಲಿ ಅವು ನಿಲ್ಲಬೇಕು. ಅದಕ್ಕೆ ಅಲ್ಲಿನ ರಕ್ತನಾಳದ ಒಳಗೋಡೆ ಸೆಲೆಕ್ಟಿನ್ ಎಂಬ ಪ್ರೋಟೀನನ್ನು ಹೊರಗೆ ಚಾಚುತ್ತದೆ. ಬಿಳಿ ಕಣದ ಮೇಲೆ ಸಯಾಲಿಲ್ ಲೂಯಿಸ್ ಎಕ್ಸ್ ಎಂಬ ನಾಲ್ಕು ಸಕ್ಕರೆಗಳ ಗೊಂಚಲು ಇರುತ್ತದೆ. ಅದರಲ್ಲಿ ಒಂದು ಫ್ಯೂಕೋಸ್. ಸೆಲೆಕ್ಟಿನ್ ಈ ಗೊಂಚಲನ್ನು ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಕಣ ಗೋಡೆಯ ಮೇಲೆ ಉರುಳುತ್ತಾ ನಿಧಾನವಾಗಿ, ನಿಂತು, ಸಂದಿಯಿಂದ ತೂರಿ ಹೊರಗೆ ಹೋಗುತ್ತದೆ. ಫ್ಯೂಕೋಸ್ ಇಲ್ಲದಿದ್ದರೆ ಹಿಡಿತವೇ ಸಿಗುವುದಿಲ್ಲ. ಕಣಗಳು ರಕ್ತದಲ್ಲೇ ಸುಮ್ನೆ ಸುತ್ತುತ್ತಾ ಉಳಿಯುತ್ತವೆ. ಎಣಿಕೆ ಏರುತ್ತದೆ, ಸೋಂಕು ಮಾತ್ರ ಇಳಿಯುವುದಿಲ್ಲ.

ಈ ಕಾಯಿಲೆಗೆ ಎಲ್‌ಎಡಿ-2 ಎಂದು ಹೆಸರಿಟ್ಟರು. ತೀರಾ ಅಪರೂಪದ್ದು. ಆದರೆ ಅದರ ಚಿಕಿತ್ಸೆಯ ಕಥೆ ಕೇಳಲೇಬೇಕು.

1999ರಲ್ಲಿ ಜರ್ಮನಿಯ ವೈದ್ಯರು ಟರ್ಕಿ ಮೂಲದ ಒಂದು ಮಗುವಿನ ಚಿಕಿತ್ಸೆಯ ಬಗ್ಗೆ ವರದಿ ಮಾಡಿದರು. ಅವರು ಕೊಟ್ಟಿದ್ದು ಬರೀ ಫ್ಯೂಕೋಸ್, ಬಾಯಿಯಿಂದಲೇ, ದಿನಕ್ಕೆ ಹಲವು ಸಲ. ಬಿಳಿ ಕಣಗಳ ಮೇಲೆ ಸೆಲೆಕ್ಟಿನ್ ಹಿಡಿಯುವ ಗೊಂಚಲು ಮರಳಿ ಕಾಣಿಸಿತು. ಕಣಗಳ ಎಣಿಕೆ ಮಾಮೂಲಿಗೆ ಇಳಿಯಿತು. ಜ್ವರ, ಸೋಂಕು ನಿಂತವು. ಮಗುವಿನ ಬೆಳವಣಿಗೆಯೂ ಸುಧಾರಿಸಿತು. ಸಕ್ಕರೆ ನೀರು ಕುಡಿಸಿ ರೋಗನಿರೋಧಕ ಶಕ್ತಿ ವಾಪಸ್ ತಂದರು ಅಂದರೆ ಯಾರಾದರೂ ನಂಬುತ್ತಾರಾ?

ಆದರೆ ಇದೇ ಚಿಕಿತ್ಸೆ ಅರಬ್ ಮೂಲದ ಮಕ್ಕಳಲ್ಲಿ ಕೆಲಸ ಮಾಡಲಿಲ್ಲ. ಕಾರಣ 2001ರಲ್ಲಿ ಸಿಕ್ಕಿತು. ಕೆಟ್ಟಿದ್ದದ್ದು ಗಾಲ್ಗಿಯ ಬಾಗಿಲಲ್ಲಿರುವ ಸಾಗಣೆ ಪ್ರೋಟೀನ್. ಟರ್ಕಿ ಮೂಲದ ಮಗುವಿನಲ್ಲಿ ಒಂದು ಬಗೆಯ ದೋಷ, ಅರಬ್ ಮೂಲದ ಮಕ್ಕಳಲ್ಲಿ ಇನ್ನೊಂದು. ಬಾಗಿಲು ಅರೆಬರೆ ಕೆಲಸ ಮಾಡುತ್ತಿದ್ದರೆ, ಹೊರಗೆ ಫ್ಯೂಕೋಸ್ ರಾಶಿ ಹಾಕಿದಾಗ ಒಂದಿಷ್ಟು ಒಳಗೆ ನುಗ್ಗುತ್ತದೆ. ಆ ರಾಶಿ ಹಾಕುವುದಕ್ಕೆ ಒದಗಿದ್ದು ಆಗ ಹೇಳಿದ ಎರಡನೆಯ ಸಣ್ಣ ದಾರಿ. ಬಾಗಿಲೇ ಜಾಮ್ ಆಗಿದ್ದರೆ ಎಷ್ಟು ಸುರಿದರೂ ವ್ಯರ್ಥ. ಒಂದೇ ಜೀನ್, ಒಂದೇ ಕಾಯಿಲೆ. ಔಷಧ ಹಿಡಿಯುವುದೋ ಇಲ್ಲವೋ ಎನ್ನುವುದು ಮಾತ್ರ ಜೀನ್‌ನ ಯಾವ ಅಕ್ಷರ ತಪ್ಪಿದೆ ಎನ್ನುವುದರ ಮೇಲೆ.

ಇದಕ್ಕಿಂತ ಮೂಲದಲ್ಲಿ ಕೆಟ್ಟರೆ ಪರಿಣಾಮ ಇನ್ನೂ ಗಂಭೀರ. ನಾಚ್ ಎಂಬ ಪ್ರೋಟೀನಿನ ಮೇಲೆ ಫ್ಯೂಕೋಸ್ ಕೂರಿಸುವ ಕಿಣ್ವವನ್ನು ತೆಗೆದುಹಾಕಿದ ಇಲಿಗಳ ಭ್ರೂಣಗಳು ಗರ್ಭದಲ್ಲೇ ಸಾಯುತ್ತವೆ. ಎಫ್‌ಯುಟಿ-8 ತೆಗೆದರೆ ಹುಟ್ಟಿದ ಮರಿಗಳಲ್ಲಿ ಸುಮಾರು 70% ಮೂರು ದಿನದೊಳಗೆ ಸಾಯುತ್ತವೆ.

ಉಲ್ಟಾ ಸಮಸ್ಯೆಯೂ ಇದೆ. ಅಂಟಿಸಿದ ಫ್ಯೂಕೋಸನ್ನು ಬಿಚ್ಚಲು ಆಗದಿದ್ದರೆ ಅದು ಫ್ಯೂಕೋಸಿಡೋಸಿಸ್. ಹಳೆಯ ಪ್ರೋಟೀನುಗಳನ್ನು ಒಡೆಯುವ ಕೋಣೆಯಲ್ಲಿ ಫ್ಯೂಕೋಸ್ ಕೀಳುವ ಕಿಣ್ವ ಇಲ್ಲದೆ ಕಸ ತುಂಬುತ್ತಾ ಹೋಗುತ್ತದೆ. ಮಗು ಕಲಿತದ್ದನ್ನು ಮರೆಯತೊಡಗುತ್ತದೆ, ಮುಖ ದಪ್ಪಗಾಗುತ್ತದೆ, ಚರ್ಮದ ಮೇಲೆ ಕೆಂಪು ಚುಕ್ಕೆಗಳು ಏಳುತ್ತವೆ. ಪ್ರಪಂಚದಲ್ಲೇ ವರದಿಯಾದ ಪ್ರಕರಣಗಳು ಬಹಳ ಕಡಿಮೆ. ಇಂಗ್ಲಿಷ್ ಸ್ಪ್ರಿಂಗರ್ ಸ್ಪ್ಯಾನಿಯಲ್ ಜಾತಿಯ ನಾಯಿಗಳಿಗೂ ಇದೇ ಕಾಯಿಲೆ ಬರುತ್ತದೆ. ಅಸ್ಥಿಮಜ್ಜೆ ಕಸಿ ಉಪಯೋಗವಾದೀತೇ ಎಂದು ಮೊದಲು ನೋಡಿದ್ದು ಆ ನಾಯಿಗಳಲ್ಲೇ.

ಕರುಳು, ವೈರಸ್, ಎದೆಹಾಲು

ಎಫ್‌ಯುಟಿ-2ಕ್ಕೆ ಬರೋಣ. ಇದು ಸರಿಯಿರುವವರ ಜೊಲ್ಲು, ಕರುಳಿನ ಲೋಳೆಯಲ್ಲಿ ಎಚ್ ಇರುತ್ತದೆ. ಇವರನ್ನು ಸೆಕ್ರೀಟರ್ ಎನ್ನುತ್ತಾರೆ. ಹಲವು ಜನಾಂಗಗಳಲ್ಲಿ ಸುಮಾರು ಐದರಲ್ಲಿ ಒಬ್ಬರು ಸೆಕ್ರೀಟರ್ ಅಲ್ಲ. ಡಿಎನ್‌ಎ ಪರೀಕ್ಷೆ ಬರುವ ಮೊದಲು ಪೊಲೀಸರು ಸಿಗರೇಟ್ ತುಂಡಿನ ಜೊಲ್ಲಿನಿಂದ ರಕ್ತದ ಗುಂಪು ಹೇಳುತ್ತಿದ್ದದ್ದು ಇದನ್ನು ನಂಬಿಯೇ. ಕಳ್ಳ ಸೆಕ್ರೀಟರ್ ಅಲ್ಲದಿದ್ದರೆ ಏನೂ ಸಿಗುತ್ತಿರಲಿಲ್ಲ.

ಐದರಲ್ಲಿ ಒಬ್ಬರಲ್ಲಿ ಜೀನ್ ಕೆಟ್ಟಿದೆ ಅಂದರೆ, ಕೆಟ್ಟಿರುವುದರಿಂದ ಏನೋ ಲಾಭ ಇರಬೇಕು ಅಂತ ಅನುಮಾನ ಬರುತ್ತದೆ. ಲಾಭ ಇದೆ. ನೋರೋವೈರಸ್ ಎಂಬ ವಾಂತಿ-ಭೇದಿಯ ವೈರಸ್ ಕರುಳಿಗೆ ಅಂಟಿಕೊಳ್ಳಲು ಹುಡುಕುವುದು ಈ ಎಚ್ ಅನ್ನೇ. 2003ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಸ್ವಯಂಸೇವಕರಿಗೆ ನಾರ್ವಾಕ್ ತಳಿಯ ವೈರಸ್ ಕುಡಿಸಿದರು. (ಇಂಥದಕ್ಕೂ ಜನ ಒಪ್ಪುತ್ತಾರೆ ನೋಡಿ.) ಸೆಕ್ರೀಟರ್ ಅಲ್ಲದವರಲ್ಲಿ ಒಬ್ಬರಿಗೂ ಸೋಂಕು ತಗಲಲಿಲ್ಲ. ರೋಟಾವೈರಸ್‌ನ ಕೆಲವು ತಳಿಗಳ ವಿಷಯದಲ್ಲೂ ಇಂಥದೇ ರಕ್ಷಣೆ ಇದೆ. ಎಲ್ಲ ತಳಿಗಳಿಗೂ ಇಲ್ಲ.

ನಷ್ಟವೂ ಇದೆ. ಸೆಕ್ರೀಟರ್ ಅಲ್ಲದವರಲ್ಲಿ ಕ್ರೋನ್ಸ್ ಎಂಬ ಕರುಳಿನ ಉರಿಯೂತದ ಕಾಯಿಲೆಯ ಅಪಾಯ ತುಸು ಹೆಚ್ಚು. ಅದಕ್ಕೊಂದು ಕಾರಣ ಕರುಳಿನ ಬ್ಯಾಕ್ಟೀರಿಯಾಗಳಿರಬಹುದು. ನಮಗೆ ಶಕ್ತಿ ಕೊಡದ ಫ್ಯೂಕೋಸ್ ಅವುಗಳಿಗೆ ಊಟ. 2014ರಲ್ಲಿ ಶಿಕಾಗೋದ ವಿಜ್ಞಾನಿಗಳು ಇಲಿಗಳಲ್ಲಿ ಒಂದು ಸೊಗಸಾದ ವಿಷಯ ಕಂಡರು. ಜ್ವರ ಬಂದ ಹಾಗೆ ಆದ ಇಲಿ ತಿನ್ನುವುದು ಬಿಡುತ್ತದೆ. ಆಗ ಕರುಳಿನ ಬ್ಯಾಕ್ಟೀರಿಯಾಗಳಿಗೂ ಉಪವಾಸ. ಆದರೆ ಕೆಲವೇ ಗಂಟೆಗಳಲ್ಲಿ ಸಣ್ಣ ಕರುಳಿನ ಒಳಪದರ ಫ್ಯೂಕೋಸ್‌ನಿಂದ ತುಂಬಿಕೊಂಡಿತು. ಬ್ಯಾಕ್ಟೀರಿಯಾಗಳು ಅದನ್ನು ಕಿತ್ತು ತಿಂದು ಬದುಕಿದವು. ಎಫ್‌ಯುಟಿ-2 ಇಲ್ಲದ ಇಲಿಗಳಲ್ಲಿ ಇದು ಆಗಲಿಲ್ಲ, ಅವು ಚೇತರಿಸಿಕೊಳ್ಳಲೂ ಹೆಚ್ಚು ಸಮಯ ತೆಗೆದುಕೊಂಡವು. ತಾನು ಮಲಗಿದ್ದರೂ ಮನೆಮಂದಿಗೆ ಊಟಕ್ಕೆ ಇಡುವುದು ಅಮ್ಮಂದಿರಿಗೆ ಮಾತ್ರ ಗೊತ್ತು ಅಂದುಕೊಂಡಿದ್ದೆ!

ಎದೆಹಾಲಿನಲ್ಲೂ ಇದೇ ಲೆಕ್ಕ. ಒಂದು ಲೀಟರ್ ಎದೆಹಾಲಿನಲ್ಲಿ 5ರಿಂದ 15 ಗ್ರಾಂ ಮಗುವಿಗೆ ಜೀರ್ಣವಾಗದ ಸಕ್ಕರೆ ಸರಪಳಿಗಳು ಇರುತ್ತವೆ. ಸೆಕ್ರೀಟರ್ ತಾಯಂದಿರ ಹಾಲಿನಲ್ಲಿ ಇವುಗಳಲ್ಲಿ ಅತಿ ಹೆಚ್ಚು ಇರುವುದು 2-ಫ್ಯೂಕೋಸಿಲ್‌ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆಗೆ ಫ್ಯೂಕೋಸ್ ಅಂಟಿಸಿದ್ದು. ಹಸುವಿನ ಹಾಲಿನಲ್ಲಿ ಇದು ಇಲ್ಲವೆಂಬಷ್ಟು ಕಡಿಮೆ. ಮಗುವಿನ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳು ಇದನ್ನು ತಿಂದು ಬೆಳೆಯುತ್ತವೆ. ಕರುಳಿಗೆ ಅಂಟಬೇಕೆಂದು ಬಂದ ಕೆಲವು ರೋಗಾಣುಗಳು ಹಾಲಿನಲ್ಲಿ ತೇಲುವ ಫ್ಯೂಕೋಸ್‌ಗೆ ಅಂಟಿಕೊಂಡು ಮೋಸಹೋಗುತ್ತವೆ. ಮೆಕ್ಸಿಕೋದಲ್ಲಿ ನಡೆದ ಅಧ್ಯಯನದಲ್ಲಿ ಈ ಸಕ್ಕರೆ ಹೆಚ್ಚಿದ್ದ ಹಾಲು ಕುಡಿದ ಮಕ್ಕಳಿಗೆ ಕ್ಯಾಂಪಿಲೋಬ್ಯಾಕ್ಟರ್ ಭೇದಿ ಕಡಿಮೆ ಇತ್ತು. ಸೆಕ್ರೀಟರ್ ಅಲ್ಲದ ತಾಯಂದಿರು ಗಾಬರಿಯಾಗಬೇಕಿಲ್ಲ. ಅವರ ಹಾಲಿನಲ್ಲೂ ಬೇರೆ ಬೇರೆ ಸರಪಳಿಗಳು ಬೇಕಾದಷ್ಟಿವೆ, ಅವರ ಮಕ್ಕಳೂ ಚೆನ್ನಾಗೇ ಬೆಳೆಯುತ್ತಾರೆ.

ಆಂಟಿಬಾಡಿಯ ಬುಡದಲ್ಲಿ

ಆಂಟಿಬಾಡಿ ಇಂಗ್ಲಿಷಿನ ವೈ ಅಕ್ಷರದ ಆಕಾರದ್ದು. ಅದರ ಕಾಂಡದಲ್ಲಿ ಒಂದು ಸಕ್ಕರೆ ಸರಪಳಿ ಇರುತ್ತದೆ. ಸರಪಳಿಯ ಬುಡದಲ್ಲಿ ಎಫ್‌ಯುಟಿ-8 ಅಂಟಿಸಿದ ಫ್ಯೂಕೋಸ್. ನಮ್ಮ ಐಜಿಜಿ ಎಂಬ ಬಗೆಯ ಆಂಟಿಬಾಡಿಗಳಲ್ಲಿ 90%ಕ್ಕಿಂತ ಹೆಚ್ಚಿನವುಗಳಲ್ಲಿ ಇದು ಇರುತ್ತದೆ. ಇದರ ಕೆಲಸ ಬ್ರೇಕ್ ಹಾಕುವುದು. ಫ್ಯೂಕೋಸ್ ಅಡ್ಡ ಇರುವುದರಿಂದ ಕೊಲ್ಲುವ ಕಣಗಳ ಮೇಲಿನ ಒಂದು ಗ್ರಾಹಕ (ರಿಸೆಪ್ಟರ್) ಆಂಟಿಬಾಡಿಯನ್ನು ಬಿಗಿಯಾಗಿ ಹಿಡಿಯಲು ಆಗುವುದಿಲ್ಲ. ಅದನ್ನು ತೆಗೆದರೆ ಹಿಡಿತ 50 ಪಟ್ಟಿನವರೆಗೂ ಹೆಚ್ಚುತ್ತದೆ ಎಂದು 2002ರಲ್ಲಿ ತೋರಿಸಿದರು.

ಔಷಧ ಕಂಪನಿಗಳಿಗೆ ಇಷ್ಟು ಸಾಕಾಯಿತು. ಜಪಾನಿನಲ್ಲಿ ಎಫ್‌ಯುಟಿ-8 ಜೀನನ್ನೇ ತೆಗೆದ ಜೀವಕೋಶಗಳಲ್ಲಿ ಆಂಟಿಬಾಡಿ ಬೆಳೆಸಿದರು. ಹಾಗೆ ಬಂದ ಮೊಗಾಮುಲಿಜುಮ್ಯಾಬ್ ಎಂಬ ರಕ್ತ ಕ್ಯಾನ್ಸರಿನ ಔಷಧಕ್ಕೆ 2012ರಲ್ಲಿ ಅಲ್ಲಿ ಒಪ್ಪಿಗೆ ಸಿಕ್ಕಿತು. ಮರುವರ್ಷ ಅಮೆರಿಕದಲ್ಲಿ ಒಬಿನುಟುಜುಮ್ಯಾಬ್ ಬಂತು. ಅದರಲ್ಲೂ ಫ್ಯೂಕೋಸ್ ಕಡಿಮೆ. ಒಂದು ಸಕ್ಕರೆ ಕಿತ್ತಿದ್ದಕ್ಕೆ ಔಷಧ ಹರಿತವಾಯಿತು.

ಅದೇ ಹರಿತ ನಮಗೇ ತಿರುಗಿಬೀಳುವುದೂ ಉಂಟು. ಎರಡನೆಯ ಸಲ ಡೆಂಗಿ ಬಂದರೆ ಅಪಾಯ ಜಾಸ್ತಿ ಎಂದು ಮಳೆಗಾಲ ಬಂದಾಗಲೆಲ್ಲ ಕೇಳುತ್ತೇವೆ. ಮೊದಲ ಸಲದ ಆಂಟಿಬಾಡಿಗಳು ಎರಡನೆಯ ಸಲ ವೈರಸ್ಸಿಗೇ ಸಹಾಯ ಮಾಡುತ್ತವೆ ಎಂಬ ವಿವರಣೆ ಹಳೆಯದು. ಆದರೆ ಎಲ್ಲರಲ್ಲೂ ಯಾಕೆ ಹಾಗಾಗುವುದಿಲ್ಲ? 2017ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, ತೀವ್ರ ಡೆಂಗಿ ಆದವರಲ್ಲಿ ಫ್ಯೂಕೋಸ್ ಇಲ್ಲದ ಆಂಟಿಬಾಡಿಗಳ ಪಾಲು ಹೆಚ್ಚಿತ್ತು. ಬ್ರೇಕ್ ಇಲ್ಲದ ಆಂಟಿಬಾಡಿಗಳು. ಕೋವಿಡ್ ಸಮಯದಲ್ಲೂ ತೀವ್ರವಾಗಿ ಬಿದ್ದ ರೋಗಿಗಳಲ್ಲಿ ಇದನ್ನೇ ಕಂಡರು. ಕೆಲವರ ದೇಹ ಯಾಕೆ ಹೀಗೆ ಮಾಡುತ್ತದೆ ಎನ್ನುವುದು ಇನ್ನೂ ಪೂರ್ತಿ ಬಿಡಿಸಿಲ್ಲದ ಪ್ರಶ್ನೆ. ನನ್ನ ಪ್ರಕಾರ ಈ ಸಕ್ಕರೆಯ ಬಗ್ಗೆ ಇರುವ ಪ್ರಶ್ನೆಗಳಲ್ಲಿ ಭಾರತಕ್ಕೆ ಅತಿ ಮುಖ್ಯವಾದದ್ದು ಇದೇ.

ಲ್ಯಾಬ್ ರಿಪೋರ್ಟಿನಲ್ಲಿ

ಫ್ಯೂಕೋಸ್ ನಿಮ್ಮ ಮನೆಯ ಲ್ಯಾಬ್ ರಿಪೋರ್ಟಿನಲ್ಲೂ ಇರಬಹುದು, ಬೇರೆ ಹೆಸರಿನಲ್ಲಿ. ಲಿವರ್ ಕ್ಯಾನ್ಸರ್ ಅನುಮಾನವಿದ್ದಾಗ ಎಎಫ್‌ಪಿ ಎಂಬ ಪ್ರೋಟೀನಿನ ಪರೀಕ್ಷೆ ಬರೆಯುತ್ತಾರೆ. ಬರೀ ಹೆಪಟೈಟಿಸ್‌ನಲ್ಲೂ ಇದು ಏರುವುದರಿಂದ ಗೊಂದಲ. ಕ್ಯಾನ್ಸರ್ ಕಣಗಳು ಮಾಡುವ ಎಎಫ್‌ಪಿಯ ಸಕ್ಕರೆ ಸರಪಳಿಯ ಬುಡದಲ್ಲಿ ಹೆಚ್ಚಾಗಿ ಫ್ಯೂಕೋಸ್ ಇರುತ್ತದೆ. ಅದನ್ನು ಬೇರೆಯಾಗಿ ಅಳೆಯುವ ಪರೀಕ್ಷೆ ಎಎಫ್‌ಪಿ-ಎಲ್3. ಅದು ಒಟ್ಟು ಎಎಫ್‌ಪಿಯ 10% ಮೀರಿದರೆ ವೈದ್ಯರು ಎಚ್ಚರವಾಗುತ್ತಾರೆ. ಫ್ಯೂಕೋಸ್ ಇದ್ದದ್ದನ್ನು ಹೆಕ್ಕಲು ಮೂಲದಲ್ಲಿ ಬಳಸಿದ್ದು ಮಸೂರದ, ಅಂದರೆ ನಮ್ಮ ಚನ್ನಂಗಿ ಬೇಳೆಯ, ಒಂದು ಪ್ರೋಟೀನ್.

ಸಿಎ 19-9 ಇನ್ನೂ ಹೆಚ್ಚು ಜನರಿಗೆ ಗೊತ್ತು. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೆ ಚಿಕಿತ್ಸೆ ಹೇಗೆ ನಡೆಯುತ್ತಿದೆ ಎಂದು ನೋಡಲು ಬಳಸುತ್ತಾರೆ. ಇದು ಅಳೆಯುವುದು ಫ್ಯೂಕೋಸ್ ಇರುವ ಒಂದು ಸಕ್ಕರೆ ಗೊಂಚಲನ್ನು. ಅದನ್ನು ಕಟ್ಟಲು ಎಫ್‌ಯುಟಿ-3 ಬೇಕು. ಸುಮಾರು 5ರಿಂದ 10% ಜನರಲ್ಲಿ ಹುಟ್ಟಿನಿಂದಲೇ ಆ ಕಿಣ್ವ ಕೆಲಸ ಮಾಡುವುದಿಲ್ಲ. ಅಂಥವರಿಗೆ ಕ್ಯಾನ್ಸರ್ ಎಷ್ಟು ಬೆಳೆದರೂ ಸಿಎ 19-9 ಏರದೇ ಇರಬಹುದು. ರಿಪೋರ್ಟ್ ನಾರ್ಮಲ್ ಅಂತ ಬರುತ್ತದೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ. ಸ್ಕ್ಯಾನ್ ಬೇರೆ ಹೇಳುತ್ತಿದ್ದರೆ ಸ್ಕ್ಯಾನನ್ನೇ ನಂಬಬೇಕು. ಸಂಖ್ಯೆ ಮೊದಲಿನಿಂದಲೂ ಶೂನ್ಯದ ಹತ್ತಿರವೇ ಇದ್ದರೆ, ಈ ಪರೀಕ್ಷೆ ಈ ರೋಗಿಗೆ ಹೊಂದುತ್ತದೆಯೇ ಎಂದು ವೈದ್ಯರನ್ನು ಒಮ್ಮೆ ಕೇಳುವುದು ಒಳ್ಳೆಯದು.

ಇಷ್ಟು ಓದಿದವರು ಫ್ಯೂಕೋಸ್ ಎಲ್ಲಿ ಸಿಗುತ್ತದೆ ಎಂದು ಆನ್‌ಲೈನಿನಲ್ಲಿ ಹುಡುಕಿದರೆ ಕಂದು ಬಣ್ಣದ ಕಡಲಕಳೆಯಿಂದ ಮಾಡಿದ ಫ್ಯೂಕಾಯ್ಡನ್ ಮಾತ್ರೆಗಳು ಸಾಲಾಗಿ ಬರುತ್ತವೆ. ಕ್ಯಾನ್ಸರಿನಿಂದ ಹಿಡಿದು ಮೊಣಕಾಲು ನೋವಿನ ತನಕ ಎಲ್ಲದಕ್ಕೂ ಮದ್ದು ಎಂಬ ಮಾತು ಬೇರೆ. ಅದು ಸಾವಿರಾರು ಫ್ಯೂಕೋಸ್ ಸೇರಿದ ದೊಡ್ಡ ಅಣು. ಎಲ್‌ಎಡಿ-2 ಮಗುವಿಗೆ ಕೊಟ್ಟ ಶುದ್ಧ ಫ್ಯೂಕೋಸ್ ಬೇರೆ, ಇದು ಬೇರೆ. ಆರೋಗ್ಯವಂತರ ದೇಹ ತನಗೆ ಬೇಕಾದ ಫ್ಯೂಕೋಸನ್ನು ಮ್ಯಾನೋಸ್‌ನಿಂದ ತಾನೇ ಮಾಡಿಕೊಳ್ಳುತ್ತದೆ. ಊಟದಲ್ಲಿ ಕಡಿಮೆಯಾಯಿತು ಎಂದು ಬರುವ ಕಾಯಿಲೆ ಯಾವುದೂ ಇಲ್ಲ. ಕಡಲಕಳೆಯಲ್ಲಿ ಅಯೋಡಿನ್ ಮಾತ್ರ ಧಾರಾಳ, ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಇದನ್ನು ಮುಟ್ಟುವ ಮೊದಲು ವೈದ್ಯರನ್ನು ಕೇಳಲೇಬೇಕು.